ಅಪ್ಪನಿಗೆ ತಂದ ಪ್ರಶ್ನೆಗಳು

"ಇಲ್ಲ. ಅಪ್ಪನನ್ನ ನೋಡೋಕೆ ಬಿಡಲ್ಲ."

ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದಳು ಅವಳು. ಮೆಟ್ಟಿಲ ಮೇಲೆ ನಿಂತವನ ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಕಾರ್ಡು ನೇತಾಡುತ್ತಿತ್ತು. ಕನ್ನಡಕದ ಒಂದು ಕಡ್ಡಿಗೆ ಟೇಪು ಸುತ್ತಿದ್ದ. ಎತ್ತರದ ಆಳು. ಚೌಕಟ್ಟಿಗೆ ತಲೆ ತಾಗೀತೆಂದು ಈಗಲೇ ಬಗ್ಗಿ ನಿಂತಿದ್ದ. ಒಳಗೆ ಕರೆದೇ ಕರೆಯುತ್ತಾರೆ ಅನ್ನುವ ನಂಬಿಕೆ ಅಷ್ಟಿತ್ತು ಅವನಿಗೆ.

ಆ ನಂಬಿಕೆ ಕಂಡೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಇವನು ಮೊದಲನೆಯವನೇನಲ್ಲ. ಅಪ್ಪ ದುಡಿದ ಕಂಪನಿ ಕೈ ಬದಲಾಗಿ, ಹಳೆಯ ಕಾಗದಪತ್ರ ದಿಕ್ಕುಪಾಲಾದ ಮೇಲೆ, ಅಪ್ಪ ರೂಪಿಸಿದ ಚಿಪ್‌ ಬಗ್ಗೆ ಕೇಳಿಕೊಂಡು ಹಿಂದೆಯೂ ಇಬ್ಬರು ಬಂದಿದ್ದರು. ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಪ್ರಶ್ನೆ ಮೇಲೆ ಪ್ರಶ್ನೆ ಎಸೆದಿದ್ದರು. ಅಪ್ಪನಿಗೆ ಆಗಲೇ ಮರೆವಿನ ಕಾಯಿಲೆ ಶುರುವಾಗಿತ್ತು. ಅವರು ತಡವರಿಸಿದಾಗ ಬಂದವರಿಬ್ಬರೂ ಮುಖ ಮುಖ ನೋಡಿಕೊಂಡು ಮುಸಿಮುಸಿ ನಕ್ಕಿದ್ದರು.

ಅವರು ಹೋದ ಮೇಲೆ ಅಪ್ಪ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಅತ್ತಿದ್ದರು. ನೀರಿನ ಸದ್ದಿನೊಳಗೂ ಆ ಅಳು ಅವಳಿಗೆ ಕೇಳಿಸಿತ್ತು...

"ಒಂದೇ ಒಂದು ಪ್ರಶ್ನೆ," ಅಂದ ಅವನು ಮೆಲ್ಲಗೆ. "ಗೊತ್ತಿಲ್ಲ ಅಂದ್ರೆ ಹಾಗೇ ಎದ್ದು ಹೋಗ್ತೀನಿ."

"ಗೊತ್ತಿಲ್ಲ ಅನ್ನೋ ಮಾತನ್ನ ಅವರ ಬಾಯಿಂದ ಹೊರಡಿಸೋಕೇ ನಾನು ಬಿಡಲ್ಲ. ದಯವಿಟ್ಟು ಹೋಗಿ."

ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಕೇಳಿತು. "ಯಾರದು ಸಿಪಾಯಿ? ಆಫೀಸಿಂದ ಬಂದ್ರಾ?"

ಸಿಪಾಯಿ ಅಂದರೆ ಅವಳೇ. ಚಿಕ್ಕಂದಿನಲ್ಲಿ ಅಮ್ಮ ಹುಷಾರಿಲ್ಲದೆ ಮಲಗಿದ್ದಾಗ ಅಳತೆಪಟ್ಟಿ ಹಿಡಿದು ಕೋಣೆಯ ಬಾಗಿಲು ಕಾಯುತ್ತಿದ್ದಳಂತೆ. ಅಪ್ಪ ಆಗ ಇಟ್ಟ ಹೆಸರು. ಅಮ್ಮ ಹೋದರು, ಹೆಸರು ಉಳಿಯಿತು.

ಅಪ್ಪ ಹೊರಗೆ ಬಂದರು. ಅಂಗಿಯ ಗುಂಡಿಗಳು ಒಂದೊಂದು ಮನೆ ಜಾರಿದ್ದವು. ಬಂದವನ ಕುತ್ತಿಗೆಯ ಕಾರ್ಡಿನ ಮೇಲೆ ಕಣ್ಣು ಬಿದ್ದದ್ದೇ ತಡ, ಮುಖಕ್ಕೆ ದೀಪ ಹಚ್ಚಿದಂತಾಯಿತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೇನೆ ಎಂದು ಮಗಳನ್ನೇ ಗದರಿದರು.

ಅವಳ ಕೈ ತಾನಾಗಿ ಕೆಳಗಿಳಿಯಿತು. ಅವನು ಒಳಗೆ ಬಂದ. ಅಷ್ಟು ಬಗ್ಗಿದ್ದರೂ ಚೌಕಟ್ಟಿಗೆ ತಲೆ ಹೊಡೆದುಕೊಂಡ.

ಅವನು ಸೋಫಾದ ಕಡೆ ಹೋಗಲಿಲ್ಲ. ಮೂಲೆಯ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಅಪ್ಪನ ಕುರ್ಚಿಯ ಎದುರು, ಅವರಿಗಿಂತ ತಗ್ಗಿನಲ್ಲಿ ಕೂತ. ಲ್ಯಾಪ್‌ಟಾಪ್ ತೆಗೆಯಲಿಲ್ಲ. ಅವಳು ಅಡುಗೆಮನೆಯ ಬಾಗಿಲ ಪರದೆ ಹಿಡಿದು, ಮೈಯೆಲ್ಲ ಕಿವಿಯಾಗಿ ನಿಂತಳು. ಪಕ್ಕದಲ್ಲಿ ಚಿಕ್ಕಮ್ಮ. ಅಮ್ಮನ ತಂಗಿ, ಮಗಳು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋದಾಗ ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳು.

"ಸ್ವಿಚ್ ರಿಪೇರಿಗೆ ಇಷ್ಟೊಂದು ಓದಬೇಕೇನೆ?" ಎಂದು ಚಿಕ್ಕಮ್ಮ ಪಿಸುಗುಟ್ಟಿದಳು.

ದೀಪದ ಸ್ವಿಚ್ಚಲ್ಲ ಚಿಕ್ಕಮ್ಮ, ಎಂದು ಅವಳು ಅಷ್ಟೇ ಮೆಲ್ಲಗೆ ತಿಳಿಸಿ ಹೇಳಬೇಕಾಯಿತು. ದೊಡ್ಡ ಕಟ್ಟಡಗಳಲ್ಲಿ ಕಂಪ್ಯೂಟರುಗಳ ನಡುವೆ ಓಡಾಡುವ ಸುದ್ದಿಗಳೆಲ್ಲ ತುಂಡುತುಂಡಾಗಿ ಬಂದು ಸೇರುವ ಪೆಟ್ಟಿಗೆ ಅದು. ಒಂದೊಂದು ತುಂಡಿಗೂ ಪ್ಯಾಕೆಟ್ ಅನ್ನುತ್ತಾರೆ. ಯಾವ ಪ್ಯಾಕೆಟ್ ಯಾವ ತಂತಿ ಹಿಡಿದು ಹೋಗಬೇಕು ಅಂತ ಪೆಟ್ಟಿಗೆಯೊಳಗಿನ ಚಿಪ್ ನೋಡಿ, ಕಣ್ಣು ಮಿಟುಕಿಸುವುದರೊಳಗೆ ಕಳಿಸಿಬಿಡುತ್ತದೆ. ಅಷ್ಟು ಮಾತ್ರ ಅವಳಿಗೂ ಗೊತ್ತಿತ್ತು. ಉಳಿದದ್ದನ್ನು ಅವನು ಹೇಳುತ್ತಿದ್ದ.

ಚಿಪ್ ಕೆಲವು ಪ್ಯಾಕೆಟ್‌ಗಳ ಒಂದು ಪ್ರತಿಯನ್ನು ಮೇಲಿರುವ ಆಪರೇಟಿಂಗ್ ಸಿಸ್ಟಂಗೂ ಒಪ್ಪಿಸುತ್ತದೆ. ಆ ಸಿಸ್ಟಂ ಬರೆಯುವುದು ಅವನ ಕೆಲಸ. ಆದರೆ ಕೈಗೆ ಬಂದ ಪ್ಯಾಕೆಟ್ಟು ಚಿಪ್ ಆಗಲೇ ಕಳಿಸಿರುವುದೋ, ಇನ್ನೂ ಕಳಿಸಬೇಕಾದದ್ದೋ ಎಂದು ಸಿಸ್ಟಂಗೆ ತಿಳಿಯುತ್ತಿಲ್ಲ. ಕಳಿಸಿದರೆ ಒಂದೇ ಸುದ್ದಿ ಎರಡು ಸಲ ಹೋಗುತ್ತದೆ. ಸುಮ್ಮನಿದ್ದರೆ ಕೆಲವು ಹೋಗುವುದೇ ಇಲ್ಲ. ಆ ಪೆಟ್ಟಿಗೆ ಇಟ್ಟಿರುವ ಒಂದು ಆಸ್ಪತ್ರೆಯಲ್ಲಿ ರೋಗಿಗಳು ನರ್ಸನ್ನು ಕರೆಯಲು ಒತ್ತುವ ಗಂಟೆ ಒಬ್ಬರದು ಎರಡೆರಡು ಬಾರಿ ಸದ್ದು ಮಾಡುತ್ತದೆ, ಇನ್ನೊಬ್ಬರದು ಸದ್ದೇ ಮಾಡುವುದಿಲ್ಲ.

ಅಪ್ಪ ಕುರ್ಚಿಯ ಕೈ ಮೇಲೆ ಬೆರಳು ತಟ್ಟುತ್ತ ಕೂತರು.

"ಕಳಿಸಿದ್ರೆ ಹೇಳೇ ಹೇಳುತ್ತೆ," ಅಂದರು ಕೊನೆಗೆ. "ನನ್ನ ಚಿಪ್ ಕಳ್ಳ ಅಲ್ಲ ಕಣಯ್ಯ. ಮೇಲಕ್ಕೆ ಕೊಡೋ ಪ್ರತಿಯ ತಲೆಯಲ್ಲಿ ಒಂದು ಗುರುತು ಇಟ್ಟಿದ್ದೀನಿ. ನಾನು ಕಳಿಸಿಯಾಗಿದೆ, ನೀನು ಕಳಿಸಬೇಡ ಅಂತ. ಅದು ಇರೋ ಜಾಗ..."

ಮಾತು ನಿಂತಿತು. ಅಪ್ಪನ ಬೆರಳು ಗಾಳಿಯಲ್ಲಿ ಏನನ್ನೋ ಹುಡುಕಿತು. ಮುಖದ ದೀಪ ಸಣ್ಣಗಾಗತೊಡಗಿತು. ಅವಳು ಪರದೆ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

"ಜಾಗದ ವಿಷಯ ಮುಂದಿನ ಶನಿವಾರ ಕೇಳ್ತೀನಿ ಸರ್," ಅಂದ ಅವನು, ತಲೆ ಕೆರೆದುಕೊಳ್ಳುತ್ತ. "ಒಂದು ದಿನಕ್ಕೆ ನನ್ನ ತಲೆಗೆ ಇಷ್ಟೇ ಹಿಡಿಯೋದು."

ಅಪ್ಪ ನಕ್ಕುಬಿಟ್ಟರು. ಈಗಿನ ಹುಡುಗರ ತಲೆಯೇ ಇಷ್ಟು ಎಂದರು.

ಅವಳು ಇಟ್ಟ ಹೆಜ್ಜೆ ಅಲ್ಲೇ ನಿಂತಿತು. 'ಇವನು... ಅಪ್ಪನನ್ನ ಬೀಳದ ಹಾಗೆ ಹಿಡಿದ.'

---

ಮುಂದಿನ ಶನಿವಾರ ಬಂದ. ಅದರ ಮುಂದಿನದೂ ಬಂದ.

ಶನಿವಾರ ಎಂದರೆ ಅಪ್ಪ ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ಕೇಳಿ ಹಾಕಿಕೊಂಡು ಕಿಟಕಿಯ ಪಕ್ಕ ಕೂರತೊಡಗಿದರು. ವಾರವೆಲ್ಲ ಮಂಜು ಮುಸುಕಿದಂತಿರುತ್ತಿದ್ದ ಮನುಷ್ಯ, ಚಿಪ್ಪಿನ ಮಾತು ಬಂದರೆ ತಿಳಿಯಾಗುತ್ತಿದ್ದರು. ಎರಡು ಚಮಚ, ಒಂದು ತಟ್ಟೆ ಇಟ್ಟುಕೊಂಡು, ಇದು ಚಿಪ್, ಇದು ಸಿಸ್ಟಂ ಎಂದು ಗಂಟೆಗಟ್ಟಲೆ ವಿವರಿಸುತ್ತಿದ್ದರು.

ಒಂದು ಶನಿವಾರ ಆ ಗುರುತಿನ ಜಾಗವೂ ಹೊಳೆಯಿತು. ಪೆಟ್ಟಿಗೆ ಮಾಡಿದವರು ತಂತಿಗಳನ್ನು ಹಿಂದುಮುಂದಾಗಿ ಜೋಡಿಸಿದ್ದರಂತೆ. ಹಾಗಾಗಿ ಕೊನೆಯ ಕಡೆಯಿಂದ ಎಣಿಸಬೇಕಂತೆ. ದಾರಿ ಕಿಕ್ಕಿರಿದು ಚಿಪ್ ಕೈಲಿ ಕಳಿಸಲಾಗದೆ ಹೋದರೆ ಗುರುತು ಬೀಳುವುದಿಲ್ಲ. ಆಗ ಸಿಸ್ಟಂ ಕಳಿಸಬೇಕು. ಅದನ್ನು ಕೇಳಿದವನು ಅಪ್ಪನ ಎರಡೂ ಕೈ ಹಿಡಿದು ತನ್ನ ಕಣ್ಣಿಗೊತ್ತಿಕೊಂಡ.

ಅವತ್ತು ಅವನು ಹೊರಟ ಮೇಲೆ ಅವಳಿಗೆ ಯಾಕೋ ಮನೆಯೆಲ್ಲ ಭಣಭಣ ಅನ್ನಿಸಿತು. 'ಕೆಲಸ ಆಯ್ತಲ್ಲ. ಇನ್ಯಾಕೆ ಬರ್ತಾನೆ...'

ಆದರೆ ಅವನು ಬಂದ. ಇನ್ನೊಂದು ಅನುಮಾನ ಇದೆ ಸರ್ ಎನ್ನುತ್ತ, ಅದೇ ಚೌಕಟ್ಟಿಗೆ ಅದೇ ತಲೆ ಹೊಡೆದುಕೊಂಡು ಬಂದ. ಅವಳು ಒಲೆಯ ಮುಂದೆ ನಿಂತು ಒಬ್ಬಳೇ ನಗುತ್ತಿದ್ದಳು. ಹಾಲು ಉಕ್ಕಿ ಒಲೆ ಆರಿದ್ದು ಚಿಕ್ಕಮ್ಮ ಕೂಗಿದ ಮೇಲೇ ಗೊತ್ತಾದದ್ದು.

ಅವನು ಮೇಜಿನ ಮೇಲಿಟ್ಟ ಕನ್ನಡಕವನ್ನು ಒಂದು ದಿನ ಅವಳು ಕೇಳದೆಯೇ ಎತ್ತಿಕೊಂಡು ಹೋಗಿ, ಟೇಪು ಬಿಚ್ಚಿ, ಹೊಸ ಕಡ್ಡಿ ಹಾಕಿ, ಗಾಜು ಒರೆಸಿ ತಂದಿಟ್ಟಳು. ಹಾಕಿಕೊಂಡವನು ಅವಳ ಮುಖವನ್ನೇ ನೋಡುತ್ತ ಕೂತ. ಈಗ ಎಲ್ಲಾ ಸರಿಯಾಗಿ ಕಾಣುತ್ತೆ ಅಂದ. ಚಿಕ್ಕಮ್ಮ ಕೆಮ್ಮಿದಳು.

ಅಪ್ಪ ಮಾತ್ರ ಅವನಿಗೆ ಒಂದು ಹೆಸರಿಟ್ಟಿದ್ದರು. ವಾರದ ಮಧ್ಯೆ ಇದ್ದಕ್ಕಿದ್ದಂತೆ, ನಮ್ಮ ಮರೆಗುಳಿ ಇನ್ನೂ ಬರಲಿಲ್ವಾ ಎಂದು ಕೇಳುತ್ತಿದ್ದರು. ಮರೆಗುಳಿಯಂತೆ! ಅಪ್ಪ ತಮ್ಮ ಕಾಯಿಲೆಯನ್ನು ಅವನಿಗೆ ಅಂಟಿಸಿದ್ದಾರೆ ಎಂದುಕೊಂಡು ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಹಾಗೆ ನಗುವ ದಿನಗಳೂ ಕಡಿಮೆಯಾಗುತ್ತ ಬಂದವು. ಒಂದು ಶನಿವಾರ ಸಂಜೆ ಅಪ್ಪ ಅವಳನ್ನು ಹತ್ತಿರ ಕರೆದು, "ಅಕ್ಕಾ, ನನ್ನ ಮಗಳು ಎಲ್ಲಿಗೆ ಹೋದ್ಲು? ಕತ್ತಲಾಗ್ತಾ ಬಂತಲ್ಲ," ಅಂದರು.

ಬರ್ತಾಳೆ ಎಂದಷ್ಟೇ ಹೇಳಿ ಅವಳು ಹಿತ್ತಲಿಗೆ ಹೋದಳು. ಒಗೆದ ಬಟ್ಟೆಯ ಬಕೆಟ್ಟಿನ ಪಕ್ಕ ಕೂತಳು. ಏಳಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬಂದ. ಬಕೆಟ್ಟಿನಿಂದ ಅಪ್ಪನ ಅಂಗಿಗಳನ್ನು ಒಂದೊಂದಾಗಿ ಎತ್ತಿ, ಕೊಡವಿ, ತಂತಿಯ ಮೇಲೆ ಹಾಕುತ್ತ ಹೋದ. ಎಲ್ಲವನ್ನೂ ಹಾಕಿ ಮುಗಿಸಿ, ಖಾಲಿ ಬಕೆಟ್ ಬೋರಲು ಹಾಕಿ, ಒಳಗೆ ಹೋದ.

ಹಿಂದೆ ಅವಳಿಗೆ ಒಂದು ಮದುವೆ ಸಂಬಂಧ ಗೊತ್ತಾಗಿತ್ತು. ನಿಮ್ಮ ತಂದೆಯನ್ನ ಎಲ್ಲಾದರೂ ಬಿಡೋ ವ್ಯವಸ್ಥೆ ಆಗುತ್ತಾ ಎಂದು ಆ ಹುಡುಗ ಕೇಳಿದ್ದ. ಅಪ್ಪ ಸಾಮಾನೇನೋ ಅನ್ನುವಂತೆ. ಅವತ್ತೇ ಬೇಡ ಅಂದಿದ್ದಳು. ಮನಸ್ಸಿನ ಆ ಕೋಣೆಗೆ ಅವತ್ತೇ ಬೀಗ ಬಿದ್ದಿತ್ತು.

ಈ ಸಂಜೆ, ತೊಟ್ಟಿಕ್ಕುವ ಅಂಗಿಗಳನ್ನು ನೋಡುತ್ತ ಕೂತವಳಿಗೆ ಆ ಬೀಗ ಅಲ್ಲಿಲ್ಲ ಅನ್ನುವುದು ಗೊತ್ತಾಯಿತು.

---

ಅವಳ ಅಂಗಡಿಗೆ ಒಬ್ಬಾಕೆ ಕಣ್ಣು ತೋರಿಸಲು ಬಂದಳು. ಕುತ್ತಿಗೆಯಲ್ಲಿ ಅವನದೇ ಆಫೀಸಿನ ಕಾರ್ಡು.

ಸುಮ್ಮನಿರಲಾರದೆ ಅವಳು ಅವನ ಮಾತೆತ್ತಿದಳು. ಹಳೆಯ ಸ್ವಿಚ್ಚಿನ ಕೆಲಸ ಎಲ್ಲಿಗೆ ಬಂತಂತೆ ಎಂದು ವಿಚಾರಿಸಿದಳು.

ಆಕೆ ನಕ್ಕಳು. ಅದು ಮುಗಿದು ಎಷ್ಟೋ ಕಾಲವಾಯಿತಂತೆ. ಮುಗಿಸಿದ್ದೂ ಅವನೇ. ಈಗ ಅವನ ಕೆಲಸವೇ ಬೇರೆ; ಆ ಚಿಪ್ಪನ್ನು ಆಫೀಸಿನಲ್ಲಿ ಯಾರೂ ನೆನೆಯುವುದೂ ಇಲ್ಲ.

"ಶನಿವಾರ ಶನಿವಾರ ಎಲ್ಲಿಗೋ ಹೋಗ್ತಾನೆ ಮಹಾರಾಯ," ಅಂದಳು ಆಕೆ, ಹೊಸ ಕನ್ನಡಕ ಹಾಕಿ ಕನ್ನಡಿ ನೋಡಿಕೊಳ್ಳುತ್ತ. "ಎಲ್ಲಿಗೆ ಅಂತ ಕೇಳಿದ್ರೆ, ಹೀಗೇ ಟೈಂಪಾಸ್ ಅಂತಾನೆ."



ಟೈಂಪಾಸ್...

ಹಾಗಾದರೆ ಇಷ್ಟು ದಿನ ಕೇಳಿದ ಪ್ರಶ್ನೆಗಳು? ಉತ್ತರ ಗೊತ್ತಿದ್ದೂ ಕೇಳಿದ್ದನೇ? ಅಪ್ಪ ಚಮಚ ತಟ್ಟೆ ಹಿಡಿದು ಬೆವರು ಒರೆಸಿಕೊಂಡು ವಿವರಿಸುತ್ತಿದ್ದಾಗ ಒಳಗೊಳಗೇ ನಗುತ್ತಿದ್ದನೇ? ಮುಸಿಮುಸಿ ನಕ್ಕ ಆ ಇಬ್ಬರಿಗೂ ಇವನಿಗೂ ಏನು ವ್ಯತ್ಯಾಸ? ಅವರು ಎದುರಿಗೆ ನಕ್ಕಿದ್ದರು. ಇವನು ತಿಂಡಿ ತಿಂದು, ಕಾಫಿ ಕುಡಿದು...

ಆ ಶನಿವಾರ ಅವನು ಮೆಟ್ಟಿಲು ಹತ್ತುವ ಮೊದಲೇ ಗೇಟಿನ ಹತ್ತಿರ ಹೋಗಿ ನಿಂತಳು. ಆ ಕೆಲಸ ಯಾವತ್ತೋ ಮುಗಿದದ್ದು ನಿಜವೇ ಎಂದು ಕೇಳಿದಳು.

ಅವನ ಮುಖ ಬಿಳಿಚಿಕೊಂಡಿತು. "ನಿಜ," ಅಂದ.

"ಮೊದಲು ನಮ್ಮಪ್ಪ ಬುದ್ಧಿವಂತ ಅಂತ ಬಂದ್ರಿ. ಆಮೇಲೆ ದಡ್ಡ ಅಂತ ಬಂದ್ರಿ. ಅಲ್ವಾ?"

ಹಾಗಲ್ಲ ಎಂದು ಅವನು ತಡವರಿಸಿದ. ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಕೇಳಿಸಿಕೊಳ್ಳಲಿಲ್ಲ. ಇನ್ನು ಮುಂದೆ ಈ ಕಡೆ ತಲೆ ಹಾಕಬೇಡಿ ಅಂದಳು. ದನಿ ಏರಿಸಲಿಲ್ಲ, ಒಳಗೆ ಅಪ್ಪ ಕಿಟಕಿಯ ಪಕ್ಕ ಕೂತಿದ್ದರು.

ಅವನು ಕಿಟಕಿಯ ಕಡೆ ಒಮ್ಮೆ ನೋಡಿ ತಿರುಗಿ ಹೋದ. ಅವಳು ಗೇಟಿನ ಅಗಳಿ ಹಾಕಿದಳು. ಒಳಗೆ ಬಂದರೆ, ಯಾರೋ ಬಂದಹಾಗಿತ್ತಲ್ಲ ಎಂದು ಅಪ್ಪ ಕೇಳಿದರು. ಯಾರೂ ಇಲ್ಲಪ್ಪ ಅಂದಳು.

---

ಆಮೇಲೆ ಅಪ್ಪ ಕಾದರು. ದಿನ ವಾರದ ಲೆಕ್ಕವೆಲ್ಲ ತಪ್ಪಿಹೋಗಿದ್ದ ಅಪ್ಪ, ಶನಿವಾರ ಬಂದದ್ದನ್ನು ಮಾತ್ರ ಅದು ಹೇಗೋ ಕಂಡುಹಿಡಿಯುತ್ತಿದ್ದರು. ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದರು. ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತುವವರೆಗೂ ಕೂತು, ಯಾರ ಹತ್ತಿರವೂ ಮಾತಾಡದೆ ಎದ್ದು ಹೋಗಿ ಮಲಗುತ್ತಿದ್ದರು. ಊಟ ಕಡಿಮೆಯಾಯಿತು. ಮಾತು ಇನ್ನೂ ಕಡಿಮೆಯಾಯಿತು.

ಚಿಕ್ಕಮ್ಮ ತಡೆಯಲಾರದೆ ಒಂದು ದಿನ ಅಂದೇಬಿಟ್ಟಳು. ಸುಳ್ಳೋ ನಿಜವೋ, ಆ ಹುಡುಗ ಬಂದಾಗ ಈ ಮನುಷ್ಯ ಎರಡು ತುತ್ತು ಜಾಸ್ತಿ ತಿನ್ನುತ್ತಿದ್ದರು. ನಿನ್ನ ಮರ್ಯಾದೆ ಅವರ ಹೊಟ್ಟೆ ತುಂಬಿಸುತ್ತಾ?

ಆ ಶನಿವಾರ ಅವಳು ತಾನೇ ಆ ಗಿಡ್ಡ ಸ್ಟೂಲು ಎಳೆದುಕೊಂಡು ಅಪ್ಪನ ಎದುರು ಕೂತಳು. ಏನು ಕೇಳಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನಿನ್ನ ಕೆಲಸ ಎಂಥದ್ದಪ್ಪ ಎಂದು ತಾನು ಯಾವತ್ತೂ ಕೂತು ಕೇಳಿಲ್ಲ ಅನ್ನುವುದು ಆಗ ಹೊಳೆಯಿತು. ಮಾತ್ರೆ ಆಯ್ತಾ, ಊಟ ಆಯ್ತಾ, ಸ್ನಾನ ಆಯ್ತಾ. ಇಷ್ಟೇ ಕೇಳಿದ್ದು.

"ಪ್ಯಾಕೆಟ್ ಒಳಗೆ ಬಂದ ಕೂಡಲೆ ಚಿಪ್ ಮೊದಲು ಏನು ನೋಡುತ್ತೆ?" ಎಂದು ಕೇಳಿದಳು.

ಅಪ್ಪ ತಲೆ ಎತ್ತಿದರು. ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಹೊಸಬಳಾ?"

ಹೌದು ಸರ್, ಇವತ್ತೇ ಸೇರಿದ್ದು, ಅಂದಳು.

ಅಪ್ಪ ಚಮಚ ತರಿಸಿದರು. ನಿಧಾನವಾಗಿ, ತಾಳ್ಮೆಯಿಂದ ಹೇಳಿಕೊಡತೊಡಗಿದರು. ಮೊದಲು ಯಾರಿಗೆ ಹೋಗಬೇಕೆಂಬ ವಿಳಾಸ ನೋಡುತ್ತೆ. ಆಮೇಲೆ ಯಾರಿಂದ ಬಂತೆಂದು ನೋಡಿ, ಬಂದ ದಾರಿಯನ್ನು ನೆನಪಿಟ್ಟುಕೊಳ್ಳುತ್ತೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಮುಂದಕ್ಕೆ ಬಾಗಿದರು.

"ಇಲ್ಲಿ ಒಬ್ಬ ಹುಡುಗ ಬರ್ತಾನೆ. ಒಳ್ಳೆಯವನು, ಆದ್ರೆ ಪಾಪ, ಮರೆವು ಅವನಿಗೆ. ಹೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾನೆ. ಇದು ಹೋದ ವಾರ ಕೇಳಿದ್ಯಲ್ಲೋ ಅಂತ ನಾನು ಅನ್ನಲ್ಲ. ಅವನಿಗೆ ಅವಮಾನ ಆಗುತ್ತೆ. ನೀನೂ ಅನ್ನಬೇಡ."



ಮರೆಗುಳಿ...

ಅಪ್ಪನಿಗೆ ನೋವಾಗದಿರಲಿ ಎಂದು ಅವನು ಪ್ರಶ್ನೆ ತರುತ್ತಿದ್ದ. ಅವನಿಗೆ ನೋವಾಗದಿರಲಿ ಎಂದು ಅಪ್ಪ ಹೊಸದಾಗಿ ಕೇಳಿದವರಂತೆ ಉತ್ತರಿಸುತ್ತಿದ್ದರು. ಇಬ್ಬರ ನಡುವೆ ಅವಮಾನ ಅನ್ನುವುದು ಎಲ್ಲಿಯೂ ಇರಲಿಲ್ಲ. ಅದನ್ನು ಗೇಟಿನ ಹತ್ತಿರ ಒಯ್ದು ನಿಲ್ಲಿಸಿದ್ದು ತಾನು.

ಅಡುಗೆಮನೆಗೆ ಓಡಿ ಫೋನ್ ಕೈಗೆತ್ತಿಕೊಂಡಳು. ಏನೆಂದು ಹೇಳಲಿ? ಯಾವ ಮುಖ ಇಟ್ಟುಕೊಂಡು ಕರೆಯಲಿ? ಇಟ್ಟುಬಿಟ್ಟಳು. ನಾಳೆ ಅಂದುಕೊಂಡಳು. ನಾಳೆ ಮತ್ತೆ ನಾಳೆಯಾಯಿತು.

ಅಷ್ಟರಲ್ಲಿ ಅಪ್ಪನಿಗೆ ಜ್ವರ ಬಂತು. ಕಫ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಬೇಕಾಯಿತು. ವಯಸ್ಸಾಗಿದೆ, ದೇಹದಲ್ಲಿ ತಡೆಯುವ ಶಕ್ತಿ ಉಳಿದಿಲ್ಲ, ನೋಡುವವರನ್ನು ಕರೆಸಿಕೊಳ್ಳಿ ಎಂದರು ಡಾಕ್ಟರ್.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಅವನಿಗೆ ಫೋನ್ ಮಾಡಿದಳು.

"ಅಪ್ಪ..." ಅಂದಳು.

ಎಲ್ಲಿ ಎಂದಷ್ಟೇ ಕೇಳಿದ ಅವನು.

---

ಮಧ್ಯಾಹ್ನದ ಬಿಸಿಲು ವಾರ್ಡಿನ ನೆಲದ ಮೇಲೆ ಬಿದ್ದಿತ್ತು. ಅಪ್ಪನ ಕಣ್ಣು ಅರ್ಧ ಮುಚ್ಚಿತ್ತು. ಎರಡು ದಿನದಿಂದ ಒಂದು ಮಾತೂ ಆಡಿರಲಿಲ್ಲ.

ಅವನು ಸ್ಟೂಲ್ ಎಳೆದುಕೊಂಡು ಕೂತು ಅಪ್ಪನ ಕೈ ಹಿಡಿದುಕೊಂಡ. ಈ ಸಲ ಏನನ್ನೂ ಕೇಳಲಿಲ್ಲ. ನೀವು ಹೇಳಿಕೊಟ್ಟದ್ದನ್ನ ಒಪ್ಪಿಸ್ತೀನಿ ಸರ್, ಕೇಳಿ, ಎಂದು ಶುರು ಮಾಡಿದ. ಪ್ಯಾಕೆಟ್ ಬರುವುದರಿಂದ ಹಿಡಿದು, ಗುರುತು ಬೀಳುವುದು, ಕೊನೆಯ ಕಡೆಯಿಂದ ಎಣಿಸುವುದು, ದಾರಿ ಕಿಕ್ಕಿರಿದಾಗ ಸಿಸ್ಟಂ ಕೈಗೆ ಬಿಡುವುದು... ಮಗ್ಗಿ ಒಪ್ಪಿಸುವವನಂತೆ ಎಲ್ಲವನ್ನೂ ಹೇಳುತ್ತ ಹೋದ. ಅವಳು ಮಂಚದ ಇನ್ನೊಂದು ಬದಿಯಲ್ಲಿ ನಿಂತು ಅಪ್ಪನ ಪಾದ ತಿಕ್ಕುತ್ತಿದ್ದಳು. ಪಾದ ಬೆಚ್ಚಗಾಗುತ್ತಿರಲಿಲ್ಲ.

"ಯಾವ ತಂತಿಯ ತುದೀಲಿ ಯಾರಿದ್ದಾರೆ ಅಂತ ಚಿಪ್ ನೆನಪಿಟ್ಕೊಂಡಿರುತ್ತೆ," ಅಂದ ಅವನು. "ತುಂಬಾ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ ಅಂದ್ರೆ, ತಾನೇ ಅವರನ್ನ ಅಳಿಸಿಹಾಕುತ್ತೆ."

"ಅಲ್ಲ."

ಇಬ್ಬರೂ ಬೆಚ್ಚಿದರು. ಅಪ್ಪನ ಕಣ್ಣು ತೆರೆದಿತ್ತು.

"ತಾನೇ ಅಳಿಸಲ್ಲ," ಅಂದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು. "ಮೇಲಿನವನನ್ನ ಕೇಳುತ್ತೆ. ಅಳಿಸಲಾ ಅಂತ... ಅವನು ಹೂಂ ಅಂದ ಮೇಲೆ... ಆಮೇಲೆ ಅಳಿಸುತ್ತೆ."

ಅವನು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡ. ಹೂಂ ಸರ್ ಅಂದ.

ಅಪ್ಪ ಮೆಲ್ಲನೆ ಮುಖ ತಿರುಗಿಸಿ ಮಗಳನ್ನು ನೋಡಿದರು. ಅವಳು ಹತ್ತಿರಕ್ಕೆ ಬಾಗಿದಳು. ಒಂದು ಸಲ, ಒಂದೇ ಒಂದು ಸಲ ಗುರುತು ಹಿಡಿದಾರೇನೋ...

"ಹೊಸಬಳು," ಅಂದರು ಅಪ್ಪ. "ಬರ್ಕೋಮ್ಮ."

"ಬರ್ಕೊಂಡೆ ಸರ್," ಅಂದಳು ಅವಳು.

ಮರುದಿನ ಬೆಳಿಗ್ಗೆ, ನರ್ಸು ಕಿಟಕಿಯ ಪರದೆ ಸರಿಸುವ ಹೊತ್ತಿಗೆ, ಅಪ್ಪ ಹೋಗಿದ್ದರು.

---

ಅವನು ಬಂದಿದ್ದ. ಕುರ್ಚಿ ತಂದು ಹಾಕಿದ. ಬಂದವರಿಗೆ ನೀರು ಕೊಟ್ಟ. ಚಿಕ್ಕಮ್ಮನನ್ನು ಹಿಡಿದು ಕೂರಿಸಿದ. ಎಲ್ಲ ಮುಗಿದ ಮೇಲೆ ಅವಳ ಹತ್ತಿರ ಬಂದು ಒಂದು ಕ್ಷಣ ನಿಂತ. ಹಾಗೇ ಹೊರಟುಹೋದ.

ಆಮೇಲೆ ಬರಲಿಲ್ಲ.

ಅವಳು ಅಂಗಡಿಗೆ ಹೋಗತೊಡಗಿದಳು. ಬಂದವರ ಕಣ್ಣು ನೋಡಿದಳು, ಗಾಜು ಸವೆಸಿದಳು, ಕಡ್ಡಿ ಬಿಗಿದಳು. ಮನೆಗೆ ಹೋಗುವುದೇ ಕಷ್ಟವಾಗುತ್ತಿತ್ತು. ಯಾರ ಗುಂಡಿಯನ್ನೂ ಬಿಚ್ಚಿ ಮತ್ತೆ ಹಾಕುವ ಕೆಲಸವಿಲ್ಲ. ಮಾತ್ರೆ ಆಯ್ತಾ ಎಂದು ಕೇಳಲು ಯಾರೂ ಇಲ್ಲ.

ಅವನು ಬರುವುದಿಲ್ಲ ಕಣೆ, ಎಂದಳು ಚಿಕ್ಕಮ್ಮ ಒಂದು ದಿನ. ತಲೆ ಹಾಕಬೇಡಿ ಅಂತ ನೀನೇ ಅಂದಿದ್ದೀಯಲ್ಲ, ಆ ಮಾತನ್ನ ವಾಪಸು ತೆಗೆದುಕೊಳ್ಳುವವಳೂ ನೀನೇ ಆಗಬೇಕು.

ಅವಳು ಬಹಳ ಯೋಚಿಸಿ ಅವನಿಗೊಂದು ಮೆಸೇಜು ಕಳಿಸಿದಳು. ನಿಮ್ಮ ಕಣ್ಣು ಪರೀಕ್ಷೆ ಆಗಿ ತುಂಬಾ ದಿನ ಆಗಿರಬೇಕು, ಒಮ್ಮೆ ಅಂಗಡಿಗೆ ಬಂದು ಹೋಗಿ. ಕಳಿಸಿದ ಮೇಲೆ ತಲೆ ಚಚ್ಚಿಕೊಂಡಳು. ಇದೆಂಥ ನೆಪ!

ಅವನು ಆ ದಿನವೇ ಬಂದ. ಸೊರಗಿದ್ದ. ಪರೀಕ್ಷೆಯ ಕುರ್ಚಿಯಲ್ಲಿ ವಿಧೇಯನಾಗಿ ಕೂತ. ಅವಳು ದೀಪ ಸಣ್ಣದು ಮಾಡಿ, ಎದುರಿನ ಗೋಡೆಯ ಅಕ್ಷರಗಳನ್ನು ಬೆಳಗಿಸಿದಳು. ಓದಿ ಅಂದಳು.

ಮೇಲಿನ ಸಾಲು ಓದಿದ. ಎರಡನೆಯದು ಓದಿದ. ಮೂರನೆಯದಕ್ಕೆ ಬರುವಾಗ ನಿಂತುಬಿಟ್ಟ.

"ಕಾಣ್ತಿಲ್ವಾ?"

ಇಲ್ಲ ಎಂದು ತಲೆಯಾಡಿಸಿದ. ಅವಳು ಗಾಜು ಬದಲಿಸಲು ಹತ್ತಿರ ಬಾಗಿದಾಗ ಕಂಡಿತು, ಅವನ ಎರಡೂ ಕಣ್ಣು ತುಂಬಿ ನಿಂತಿದ್ದವು.

ಅವಳು ಗಾಜನ್ನು ಪೆಟ್ಟಿಗೆಯಲ್ಲಿಟ್ಟಳು. ಎದುರಿಗಿದ್ದ ಸ್ಟೂಲಿನ ಮೇಲೆ ಕೂತಳು. ಕೇಳಬೇಕಾದ್ದನ್ನು ಕೇಳಿದಳು.

"ಅವತ್ತು ಆಸ್ಪತ್ರೇಲಿ ಬೇಕಂತಲೇ ತಪ್ಪು ಹೇಳಿದ್ರಾ?"

"ಇಲ್ಲ," ಅಂದ ಅವನು. "ನಿಜವಾಗ್ಲೂ ತಪ್ಪು ತಿಳ್ಕೊಂಡಿದ್ದೆ."

ಆಫೀಸಿಗೆ ಹೋಗಿ ತೆಗೆದು ನೋಡಿದನಂತೆ. ಚಿಪ್ ಅಳಿಸಲಾ ಎಂದು ಕೇಳುತ್ತಲೇ ಇತ್ತು. ಅವನು ಬರೆದ ಸಿಸ್ಟಂ ಉತ್ತರವನ್ನೇ ಕೊಡುತ್ತಿರಲಿಲ್ಲ, ಹಳೆಯ ದಾರಿ ಅಳಿಯದೆ ಉಳಿಯುತ್ತಿತ್ತು. ಬಹಳ ಹೊತ್ತು ಸದ್ದಿಲ್ಲದೆ ಮಲಗಿದ್ದ ರೋಗಿ ಗಂಟೆ ಒತ್ತಿದರೆ ಮೊದಲ ಕರೆ ಆಗಾಗ ಎಲ್ಲೋ ಕಳೆದುಹೋಗುತ್ತಿತ್ತು. ಯಾಕೆಂದು ಯಾರಿಗೂ ತಿಳಿದಿರಲಿಲ್ಲ. ಅಪ್ಪ ಹೇಳಿದ ಹಾಗೆ ತಿದ್ದಿದ. ಈಗ ಎಲ್ಲ ಕರೆಯೂ ತಲುಪುತ್ತಿದೆ.

"ಕೆಲಸ ಮುಗಿದಿತ್ತು ಅಂತ ಎಲ್ಲರೂ ಅಂದ್ಕೊಂಡಿದ್ವಿ," ಅಂದ. "ಮುಗಿದಿರಲಿಲ್ಲ. ಅವರೇ ಮುಗಿಸಿ ಹೋದ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತಡೆದಷ್ಟೂ ಉಕ್ಕಿ ಬಂತು. ಅವತ್ತು ಗೇಟಿನ ಹತ್ತಿರ ಆಡಿದ ಮಾತಿಗೆ ಕ್ಷಮೆ ಕೇಳಿದಳು. ಆಮೇಲೆ ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದ ಇನ್ನೊಂದು ಮಾತೂ ಹೊರಬಿತ್ತು.

"ನಾನು ಅಪ್ಪನ ಹತ್ರ ಕೊನೇಲಿ ಆಡಿದ ಮಾತು... ಸರ್ ಅಂತ. ಅಪ್ಪಾ ಅನ್ನೋಕೂ ಆಗ್ಲಿಲ್ಲ ನನಗೆ."

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

"ಮಗಳು ಅಂತ ಗೊತ್ತಿಲ್ದೇನೂ ಬರ್ಕೋಮ್ಮ ಅಂದ್ರಲ್ಲ," ಅಂದ ಕೊನೆಗೆ. "ನನಗೆ ಅವರು ಯಾವತ್ತೂ ಹಾಗೆ ಅನ್ನಲಿಲ್ಲ. ನೀವು ನೆನಪಿಟ್ಕೋತೀರ ಅಂತ ಅನ್ನಿಸಿರಬೇಕು."

ಹೊರಗೆ ಬೀದಿಯಲ್ಲಿ ಸೈಕಲ್ ಗಂಟೆಯೊಂದು ಸದ್ದು ಮಾಡಿ ಹೋಯಿತು. ಅವನು ಕನ್ನಡಕ ಕೈಯಲ್ಲಿ ಹಿಡಿದು, ಅದನ್ನೇ ನೋಡುತ್ತ ಮಾತಾಡಿದ. ಟೈಂಪಾಸ್ ಎಂದು ಆಫೀಸಿನಲ್ಲಿ ಹೇಳಿದ್ದು ನಿಜ. ನಿಜ ಹೇಳಿದರೆ ಎಲ್ಲರೂ ಕಾಲೆಳೆಯುತ್ತಿದ್ದರು. ಕೆಲಸದಲ್ಲಿ ಯಾರೂ ಅವನಿಗೆ ಏನನ್ನೂ ಅಷ್ಟು ಪ್ರೀತಿಯಿಂದ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಬರುತ್ತಿದ್ದ. ಅಲ್ಲ, ಅದೊಂದಕ್ಕೇ ಅಲ್ಲ...

"ವಾರವೆಲ್ಲ ಎರಡು ಯೋಚನೆ ಮಾಡ್ತಿದ್ದೆ," ಅಂದ. "ಅವರಿಗೆ ಯಾವ ಪ್ರಶ್ನೆ ಒಯ್ಯಲಿ ಅಂತ. ಅವತ್ತು ನೀವು ಮನೇಲಿರ್ತೀರಾ ಅಂತ."

"ಶನಿವಾರ ನಾನು ಅಂಗಡಿಯಿಂದ ಬೇಗ ಬರ್ತಿದ್ದೆ," ಅಂದಳು ಅವಳು. "ಮಾಲೀಕರ ಹತ್ರ ಅಪ್ಪನ ನೆಪ ಹೇಳಿ."

ಅವನು ತಲೆ ಎತ್ತಿ ನೋಡಿದ. ನನ್ನನ್ನು ಮದುವೆ ಆಗ್ತೀರಾ ಎಂದು ಕೇಳಲು ಹೋಗಿ, ಮಾತು ಅರ್ಧಕ್ಕೇ ನಿಂತಿತು. ಉಳಿದರ್ಧ ಅವಳಿಗೆ ಕೇಳಿಸಿತು.

ಅವಳು ತನ್ನ ಕೈಯನ್ನು ಅವನ ಕೈಯ ಮೇಲಿಟ್ಟಳು. ಕಣ್ಣೀರು ಇನ್ನೂ ನಿಂತಿರಲಿಲ್ಲ.

"ನಾನು ಇನ್ನೂ ತುಂಬಾ ದಿನ ಅಳ್ತೀನಿ. ಯಾವ ಹೊತ್ತಲ್ಲಿ ಬರುತ್ತೆ ಅಂತ ನನಗೇ ಗೊತ್ತಾಗಲ್ಲ. ಮದುವೆ ದಿನಾನೂ ಅತ್ತುಬಿಡ್ತೀನೇನೋ."

"ಅಳು," ಅಂದ ಅವನು. "ಪಕ್ಕದಲ್ಲಿ ನಾನೂ ಅಳ್ತಿರ್ತೀನಿ."

"ಫೋಟೋದಲ್ಲಿ ಇಬ್ಬರ ಮುಖಾನೂ ಊದಿಕೊಂಡು ಕಾಣುತ್ತೆ."

"ಕಾಣಲಿ ಬಿಡು."

"ಹೂಂ," ಅಂದಳು ಅವಳು, ಅವನ ಕೈ ಬಿಡದೆ. "ಕಾಣಲಿ ಬಿಡು."